ಉದ್ದ ತೊಡೆಯವರಿಗೆ ಯಾವ ಬಾರ್‌ಬೆಲ್ ಸ್ಕ್ವಾಟ್ ಹೊಂದುತ್ತದೆ?

ಪ್ರಶ್ನೆ: ನನಗೆ 31 ವರ್ಷ, ಎತ್ತರ 182 ಸೆಂ.ಮೀ., ತೂಕ 79 ಕೆ.ಜಿ. ಎಂಟು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಬೇರೆಲ್ಲ ವ್ಯಾಯಾಮ ಕೈಹತ್ತಿವೆ, ಬಾರ್ ಹೊತ್ತು ಕೂತು ಏಳುವ ಸ್ಕ್ವಾಟ್ ಮಾತ್ರ ಇಲ್ಲ. ‘ಬೆನ್ನು ನೆಟ್ಟಗಿಡಿ, ಮಂಡಿ ಕಾಲ್ಬೆರಳು ದಾಟಬಾರದು’ ಎನ್ನುತ್ತಾರೆ ಟ್ರೇನರ್. ಹಾಗೆ ಮಾಡಲು ಹೋದರೆ ಹಿಂದಕ್ಕೆ ಬೀಳುವ ಹಾಗಾಗುತ್ತದೆ. ಇಲ್ಲದಿದ್ದರೆ ತೀರಾ ಮುಂದಕ್ಕೆ ಬಾಗುತ್ತೇನೆ, ಹಿಮ್ಮಡಿ ಏಳುತ್ತದೆ. 60 ಕೆ.ಜಿ. ಹಾಕಿದ ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ. ನನ್ನ ಜೊತೆಗೇ ಸೇರಿದ ಗೆಳೆಯ 165 ಸೆಂ.ಮೀ. ಇದ್ದಾನೆ, ಅವನು ಆರಾಮವಾಗಿ ಕೂತು ಏಳುತ್ತಾನೆ. ಹೈ ಬಾರ್ (ಬಾರ್ ಕತ್ತಿನ ಬುಡದ ಕೆಳಗೆ, ಹೆಗಲ ಮೇಲೆ), ಲೋ ಬಾರ್ (ಅದಕ್ಕಿಂತ ತುಸು ಕೆಳಗೆ, ಬೆನ್ನ ಮೇಲೆ), ಫ್ರಂಟ್ ಸ್ಕ್ವಾಟ್ (ಬಾರ್ ಭುಜದ ಮುಂದೆ) – ನನ್ನ ಮೈಕಟ್ಟಿಗೆ ಯಾವುದು ಸರಿ?

ಉತ್ತರ: ನಿಮ್ಮ ತೊಂದರೆಯ ಅರ್ಧ ಭಾಗ ‘ನೆಟ್ಟಗೆ’ ಎಂಬ ಮಾತಿನಲ್ಲೇ ಇದೆ. ಕೋಲು ನೆಟ್ಟಗಿದೆ ಎಂದರೆ ಅದರಲ್ಲಿ ಡೊಂಕಿಲ್ಲ ಎಂದರ್ಥ. ಕಂಬ ನೆಟ್ಟಗೆ ನಿಂತಿದೆ ಎಂದರೆ ಅದು ವಾಲಿಲ್ಲ ಎಂದರ್ಥ. ಸ್ಕ್ವಾಟ್‌ನಲ್ಲಿ ಬೆನ್ನು ನೆಟ್ಟಗಿರಬೇಕಾದದ್ದು ಮೊದಲನೆಯ ಅರ್ಥದಲ್ಲಿ ಮಾತ್ರ. ಗೋಡೆಗೆ ಒರಗಿಸಿದ ಏಣಿ ವಾಲಿರುತ್ತದೆ, ಆದರೆ ಡೊಂಕಾಗಿರುವುದಿಲ್ಲ. ಬೆನ್ನೂ ಹಾಗೇ ಇರಬೇಕು. ಎಷ್ಟು ವಾಲಬೇಕು ಎಂಬುದನ್ನು ನಿಮ್ಮ ಮೂಳೆಗಳ ಉದ್ದವೇ ಬಹುಪಾಲು ತೀರ್ಮಾನಿಸುತ್ತದೆ. ಅದನ್ನು ಮನಸ್ಸಿನ ಬಲದಿಂದ, ‘ಎದೆ ಎತ್ತು, ಎದೆ ಎತ್ತು’ ಎಂದು ಹೇಳಿಕೊಂಡು ಬದಲಿಸಲು ಆಗುವುದಿಲ್ಲ.

ಕಾರಣ ಸರಳ. ಬಾರ್ ಮತ್ತು ಮೈ ಎರಡರ ಒಟ್ಟು ಭಾರ ಪಾದದ ನಡುಭಾಗದ ಮೇಲೆ, ಅಂದರೆ ಷೂ ಲೇಸಿನ ಗಂಟು ಬರುವ ಜಾಗದ ಆಸುಪಾಸಿನಲ್ಲಿ ಇಳಿದರೆ ಮಾತ್ರ ನೀವು ನಿಲ್ಲಬಲ್ಲಿರಿ. ಬಾರ್ ಭಾರವಾದಷ್ಟೂ ಅದೇ ಯಜಮಾನ. ಗಾರೆಯವರು ಗೋಡೆಗೆ ಹಿಡಿಯುವ ತೂಕದ ಗುಂಡಿನ ದಾರವನ್ನು ಬಾರ್‌ನಿಂದ ಇಳಿಬಿಟ್ಟಂತೆ ಊಹಿಸಿಕೊಳ್ಳಿ. ಗುಂಡು ಯಾವಾಗಲೂ ಪಾದದ ನಡುವಿಗೇ ಬರಬೇಕು: ನಿಂತಾಗ, ಅರ್ಧ ಕೂತಾಗ, ತಳದಲ್ಲಿ. ತೊಡೆ ಉದ್ದವಾಗಿದ್ದರೆ ಕೂತಾಗ ಸೊಂಟ ಆ ದಾರದಿಂದ ಹೆಚ್ಚು ಹಿಂದಕ್ಕೆ ಹೋಗುತ್ತದೆ. ಸೊಂಟ ಹಿಂದೆ ಹೋದಷ್ಟು ಬಾರ್ ಅನ್ನು ಮುಂದಕ್ಕೆ ತರಬೇಕು. ತರುವುದು ಬೆನ್ನು ವಾಲಿಸಿಯೇ.

ಲೆಕ್ಕ ಹಾಕಿ ನೋಡೋಣ. ನೀವು ಅಳತೆ ಕೊಟ್ಟಿಲ್ಲ. ನಿಮ್ಮ ಎತ್ತರಕ್ಕೆ ತೊಡೆ ತುಸು ಉದ್ದ ಎಂದಿಟ್ಟುಕೊಂಡು, ಸೊಂಟದ ಕೀಲಿನಿಂದ ಮಂಡಿಗೆ 48 ಸೆಂ.ಮೀ., ಮಂಡಿಯಿಂದ ಪಾದದ ಕೀಲಿಗೆ (ಅಂದರೆ ಕಣಕಾಲು) 43, ಸೊಂಟದ ಕೀಲಿನಿಂದ ಹೆಗಲ ಮೇಲಿನ ಬಾರ್‌ಗೆ 50 ಎಂದು ಹಿಡಿಯುತ್ತೇನೆ. ಕಣಕಾಲು 25 ಡಿಗ್ರಿ ಮುಂದಕ್ಕೆ ಬಾಗಿ, ತೊಡೆ ನೆಲಕ್ಕೆ ಸಮವಾಗುವಷ್ಟು ಕೂತರೆ ಸೊಂಟದ ಕೀಲು ಪಾದದ ನಡುವಿಗಿಂತ ಸುಮಾರು 36 ಸೆಂ.ಮೀ. ಹಿಂದಿರುತ್ತದೆ. ಬೆನ್ನು ಲಂಬಕ್ಕಿಂತ ಸುಮಾರು 46 ಡಿಗ್ರಿ ವಾಲಲೇಬೇಕು. ಗೆಳೆಯನಿಗೆ ತೊಡೆ 40, ಕಣಕಾಲು 40, ಮೇಲ್ಭಾಗ 48 ಎಂದಿಟ್ಟುಕೊಂಡರೆ ಅದೇ ಆಳಕ್ಕೆ ಅವನ ಸೊಂಟ 29 ಸೆಂ.ಮೀ.ಯಷ್ಟೇ ಹಿಂದಿರುತ್ತದೆ, ಬೆನ್ನು ವಾಲುವುದು ಸುಮಾರು 37 ಡಿಗ್ರಿ. ಅವನ ತಂತ್ರ ನಿಮ್ಮದಕ್ಕಿಂತ ಒಳ್ಳೆಯದೆಂದೇನಲ್ಲ, ಅವನ ಸನ್ನೆಕೋಲು ಗಿಡ್ಡ, ಅಷ್ಟೇ. ಇದರ ಇನ್ನೊಂದು ಮುಖವನ್ನೂ ಗಮನಿಸಿ: 29ರ ಬದಲು 36 ಸೆಂ.ಮೀ. ಎಂದರೆ ಅದೇ 60 ಕೆ.ಜಿ. ಬಾರ್ ನಿಮ್ಮ ಸೊಂಟದ ಕೀಲನ್ನೂ ಕೆಳಬೆನ್ನನ್ನೂ ಕಾಲು ಪಾಲಿನಷ್ಟು ಹೆಚ್ಚು ಎಳೆಯುತ್ತದೆ. ಗೆಳೆಯನ ತೂಕದ ಜೊತೆ ನಿಮ್ಮ ತೂಕ ಹೋಲಿಸಿಕೊಳ್ಳಬೇಡಿ.

ಮೊಬೈಲಿನಲ್ಲಿ ನಾವು ನೋಡುವ ಚೆಂದದ, ಎದೆ ಎತ್ತಿದ ಸ್ಕ್ವಾಟ್‌ಗಳು ಬಹಳ ಸಲ ಒಲಿಂಪಿಕ್ ವೇಟ್‌ಲಿಫ್ಟಿಂಗ್‌ನವರದ್ದು. ನಮ್ಮ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 56 ಕೆ.ಜಿ. ವಿಭಾಗದಲ್ಲಿ. ಆ ಕ್ರೀಡೆಯಲ್ಲಿ ಭಾರವನ್ನು ತಲೆಯ ಮೇಲೆ ಹಿಡಿದು ಕೂರಬೇಕಾದ್ದರಿಂದ ಬೆನ್ನು ಲಂಬಕ್ಕೆ ಹತ್ತಿರವಿರಲೇಬೇಕು. ಅದಕ್ಕಾಗಿ ಎತ್ತರದ ಹಿಮ್ಮಡಿಯ ಷೂ, ವರ್ಷಗಟ್ಟಲೆ ಸಾಧನೆ ಇರುತ್ತದೆ. ಅದು 182 ಸೆಂ.ಮೀ. ಎತ್ತರದ, ದಿನವಿಡೀ ಬೇರೆ ಕೆಲಸ ಮಾಡುವವರು ಅಳೆದುಕೊಳ್ಳಬೇಕಾದ ಮಾನದಂಡವಲ್ಲ.

ಇನ್ನು ಮಂಡಿಯ ವಿಷಯ. ಮಂಡಿಯನ್ನು ಹಿಂದೆಯೇ ಹಿಡಿದು ಕಣಕಾಲನ್ನು 15 ಡಿಗ್ರಿಗೆ ನಿಲ್ಲಿಸಿದರೆ ಮೇಲಿನ ಲೆಕ್ಕದಲ್ಲಿ ನಿಮ್ಮ ಬೆನ್ನು 59 ಡಿಗ್ರಿ ವಾಲಬೇಕಾಗುತ್ತದೆ. ಅಂದರೆ ‘ಮಂಡಿ ಮುಂದೆ ಹೋಗಬಾರದು’, ‘ಬೆನ್ನು ವಾಲಬಾರದು’ ಎಂಬ ಎರಡು ಆಜ್ಞೆಗಳನ್ನು ಉದ್ದ ತೊಡೆಯವರು ಒಟ್ಟಿಗೆ ಪಾಲಿಸಲು ಸಾಧ್ಯವೇ ಇಲ್ಲ. ಪಾಲಿಸಿದರೆ ನೀವು ಬರೆದಂತೆ ಹಿಂದಕ್ಕೇ ಬೀಳುತ್ತೀರಿ. ಬೀಳಬಾರದೆಂದು ಮೈ ಮುಂದಕ್ಕೆ ಜೋಲಿ ಹೊಡೆದಾಗ ಹಿಮ್ಮಡಿ ಏಳುತ್ತದೆ. ನಿಮ್ಮ ಎರಡೂ ದೂರುಗಳ ಮೂಲ ಒಂದೇ.

ಮಂಡಿ ಬೆರಳು ದಾಟಿದರೆ ಮಂಡಿ ಹಾಳು ಎಂಬ ನಂಬಿಕೆಯನ್ನು 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೇರವಾಗಿ ಪರೀಕ್ಷಿಸಿತು. ಏಳು ಮಂದಿ ಗಂಡಸರು ತಮ್ಮ ಮೈತೂಕದಷ್ಟು ಬಾರ್ ಹೊತ್ತು ಒಮ್ಮೆ ಸಹಜವಾಗಿ, ಒಮ್ಮೆ ಮಂಡಿಯ ಮುಂದೆ ಮರದ ಹಲಗೆ ಅಡ್ಡವಿಟ್ಟು ಸ್ಕ್ವಾಟ್ ಮಾಡಿದರು. ಹಲಗೆ ಇಟ್ಟಾಗ ಮಂಡಿಯ ಮೇಲಿನ ತಿರುಚುಬಲ ಸುಮಾರು 22 ಶೇಕಡಾ ಇಳಿಯಿತು. ಸೊಂಟದ ಕೀಲಿನ ಮೇಲಿನದು ಮಾತ್ರ 28 ನ್ಯೂಟನ್-ಮೀಟರ್‌ನಿಂದ 303ಕ್ಕೆ, ಅಂದರೆ ಹತ್ತು ಪಟ್ಟಿಗೂ ಮಿಗಿಲಾಗಿ ಏರಿತು. ಮಂಡಿಯಿಂದ ತೆಗೆದ ಭಾರ ಎಲ್ಲೂ ಮಾಯವಾಗುವುದಿಲ್ಲ, ಸೊಂಟಕ್ಕೆ ಬಂದು ಕೂರುತ್ತದೆ. ನಮ್ಮಲ್ಲಂತೂ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆದು, ಕಳೆ ಕಿತ್ತು, ಅಂಗಳ ಸಾರಿಸಿದವರ ಮಂಡಿ ದಿನಕ್ಕೆ ನೂರು ಸಲ ಬೆರಳು ದಾಟಿದೆ. ಮಂಡಿಯಲ್ಲಿ ಈಗಾಗಲೇ ನೋವಿದ್ದವರು ಆಳವನ್ನೂ ಮಂಡಿಯ ಓಟವನ್ನೂ ಕಡಿಮೆ ಮಾಡಿಕೊಳ್ಳುವುದು ಬೇರೆ ಮಾತು. ನಿಮಗೆ ಮಂಡಿನೋವಿಲ್ಲ. ಮಂಡಿಯನ್ನು ಬಿಡಿ, ಅದು ಬೆರಳಿನ ದಿಕ್ಕಿನಲ್ಲೇ ಮುಂದೆ ಹೋಗಲಿ.

ಮೊದಲು ಮನೆಯಲ್ಲೇ ಅಳೆದುಕೊಳ್ಳಿ

ತಂತ್ರ ಆರಿಸುವ ಮುಂಚೆ ನಾಲ್ಕು ವಿಷಯ ತಿಳಿಯಬೇಕು. ಬೇಕಾದದ್ದು ಟೇಪು, ಒಂದು ಗೋಡೆ, ಮೊಬೈಲ್ ಹಿಡಿಯಲು ಒಬ್ಬರು.

ಪಾದದ ಕೀಲಿನಿಂದ ಆರಂಭಿಸಿ, ಏಕೆಂದರೆ ಬದಲಿಸಲು ಅತಿ ಸುಲಭವಾದ ಸಂಗತಿ ಅದೇ. ಬರಿಗಾಲಲ್ಲಿ ಗೋಡೆಗೆ ಎದುರಾಗಿ ಒಂದು ಮಂಡಿಯೂರಿ, ಮುಂದಿನ ಪಾದದ ಹೆಬ್ಬೆರಳನ್ನು ಗೋಡೆಯಿಂದ 5 ಸೆಂ.ಮೀ. ದೂರದಲ್ಲಿಡಿ. ಹಿಮ್ಮಡಿ ಎತ್ತದೆ, ಪಾದ ಒಳಕ್ಕೆ ಕುಸಿಯದಂತೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿದರೆ ಒಂದೊಂದೇ ಸೆಂ.ಮೀ. ಹಿಂದೆ ಸರಿಯಿರಿ. ಹಿಮ್ಮಡಿ ಏಳದೆ ಮಂಡಿ ಮುಟ್ಟುವ ಕೊನೆಯ ದೂರವೇ ನಿಮ್ಮ ಅಳತೆ. 10 ಸೆಂ.ಮೀ. ದಾಟಿದರೆ ಚಪ್ಪಟೆ ತಳದ ಷೂನಲ್ಲಿ ತೊಂದರೆ ಬರುವುದು ಅಪರೂಪ. 6ರಿಂದ 10ರ ನಡುವೆ ಇದ್ದರೆ ಹಿಮ್ಮಡಿ ಎತ್ತರಿಸಿದರೆ ಖಂಡಿತ ಲಾಭ. 6ಕ್ಕಿಂತ ಕಡಿಮೆಯಾದರೆ ಬೇರೆ ದಾರಿಯಿಲ್ಲ, ಎತ್ತರಿಸಲೇಬೇಕು. ಎರಡೂ ಕಾಲಿಗೆ ಮಾಡಿ. ಹಳೆಯ ಉಳುಕು ಇದ್ದ ಕಾಲು 2–3 ಸೆಂ.ಮೀ. ಹಿಂದುಳಿಯುವುದು ಸಾಮಾನ್ಯ. ಮೈ ತಿರುಚಿಕೊಂಡು ಏಳುವವರಲ್ಲಿ ಕೆಲವರ ಮೂಲ ಅಲ್ಲೇ ಇರುತ್ತದೆ. ಬಿಗಿತ ಎಲ್ಲಿ ಗೊತ್ತಾಗುತ್ತದೆ ಎಂಬುದನ್ನೂ ಗಮನಿಸಿ. ಮೀನಖಂಡದಲ್ಲಿ ಎಳೆದಂತಾದರೆ ಕೆಲವು ವಾರಗಳ ಸ್ಟ್ರೆಚಿಂಗ್‌ನಿಂದ ಸಡಿಲವಾಗುತ್ತದೆ. ಪಾದದ ಕೀಲಿನ ಮುಂಭಾಗದಲ್ಲಿ ಚಿವುಟಿದಂತಾದರೆ ಅಲ್ಲಿ ಕೀಲೇ ತಡೆಯುತ್ತಿದೆ; ಎಷ್ಟು ಎಳೆದರೂ ಪ್ರಯೋಜನ ಕಡಿಮೆ.

ನೆಲದ ಮೇಲೆ ಕುಕ್ಕರಗಾಲಲ್ಲಿ ಸಲೀಸಾಗಿ ಕೂರುವವರಿಗೂ ಬಾರ್ ಬಂದಾಗ ಏಕೆ ಕಷ್ಟ ಎಂದು ಕೇಳುವವರಿದ್ದಾರೆ. ನೆಲದ ಮೇಲೆ ಕೂತಾಗ ಕೈ ಮಂಡಿಯಾಚೆಗೆ ಚಾಚಿರುತ್ತದೆ, ಬೆನ್ನು ಗೂನಾಗಿ ತಲೆ ಮುಂದೆ ಬಂದಿರುತ್ತದೆ. ಅವೆಲ್ಲ ಎದುರುತೂಕ. ಬಾರ್ ಬೆನ್ನ ಮೇಲೆ ಬಂದೊಡನೆ ಆ ಎದುರುತೂಕವೂ ಇಲ್ಲ, ಗೂನಾಗುವ ಸ್ವಾತಂತ್ರ್ಯವೂ ಇಲ್ಲ.

ಎರಡನೆಯದು ಸೊಂಟದ ಕೀಲು. ಎತ್ತರದ ಮೇಜಿನ ಅಂಚಿನಲ್ಲಿ ಕಣಕಾಲು ತೂಗುಬಿಟ್ಟು ಕೂತುಕೊಳ್ಳಿ. ತೊಡೆ ಅಲುಗದಂತೆ ಪಾದವನ್ನು ಹೊರಕ್ಕೆ ತೂಗಿ, ಆಮೇಲೆ ಒಳಕ್ಕೆ ತೂಗಿ. ಪಾದ ಹೊರಗೆ ಹೋದಾಗ ತೊಡೆಮೂಳೆ ಒಳಕ್ಕೆ ತಿರುಗುತ್ತದೆ, ಒಳಗೆ ಬಂದಾಗ ಹೊರಕ್ಕೆ. ಪಾದ ಒಳಕ್ಕೆ ಬಹಳ, ಹೊರಕ್ಕೆ ಸ್ವಲ್ಪವೇ ಹೋಗುವವರಿಗೆ ಬೆರಳನ್ನು 25–30 ಡಿಗ್ರಿ ಹೊರಕ್ಕೆ ತಿರುಗಿಸಿ ನಿಲ್ಲುವುದು ಒಗ್ಗುತ್ತದೆ. ಎರಡೂ ಸಮವಿದ್ದರೆ 15–20. ಪಾದ ಹೊರಕ್ಕೇ ಹೆಚ್ಚು ಹೋಗುವವರು ಬೆರಳನ್ನು ಬಹುಮಟ್ಟಿಗೆ ಮುಂದಕ್ಕೇ ಇಡಬೇಕು. ಅಂಥವರನ್ನು ‘ಕಾಲು ಅಗಲಿಸಿ, ಮಂಡಿ ಹೊರಗೆ ತಳ್ಳಿ’ ಎಂದು ಒತ್ತಾಯಿಸುವುದು ತಪ್ಪು. ಚಕ್ಕಳಮಕ್ಕಳ ಹಾಕಿದಾಗ ಮಂಡಿ ತಾನಾಗಿ ನೆಲದ ಹತ್ತಿರ ಇಳಿಯುತ್ತದೆಯೇ ಎಂಬುದೂ ಒಂದು ಸುಳಿವು. ಇಳಿಯುವವರಿಗೆ ಅಗಲ ನಿಲುವು ಸಾಮಾನ್ಯವಾಗಿ ಒಲಿಯುತ್ತದೆ.

ಮೂರನೆಯದು ನಿಲುವಿನ ಅಗಲ. ಅಂಬೆಗಾಲಿನ ಭಂಗಿಗೆ ಬನ್ನಿ, ಮಂಡಿಗಳ ನಡುವೆ ಒಂದು ಗೇಣು. ಕೆಳಬೆನ್ನಿನ ಸಹಜ ತಗ್ಗನ್ನು ಕಾಪಾಡುತ್ತ ನಿಧಾನವಾಗಿ ಹಿಮ್ಮಡಿಯ ಕಡೆಗೆ ಹಿಂದೆ ಸರಿಯಿರಿ. ಒಂದು ಹಂತದಲ್ಲಿ ಸೊಂಟ ಒಳಕ್ಕೆ ಮಡಚಿ ಕೆಳಬೆನ್ನು ಗೂನಾಗುತ್ತದೆ. ಪಕ್ಕದಿಂದ ಅದರ ವಿಡಿಯೊ ತೆಗೆಸಿ. ಮಂಡಿಗಳನ್ನು ನಾಲ್ಕು ಬೆರಳು, ಆಮೇಲೆ ಎಂಟು ಬೆರಳು ಅಗಲಿಸಿ ಮತ್ತೆ ಮಾಡಿ. ಯಾವ ಅಗಲದಲ್ಲಿ ಗೂನು ಅತಿ ತಡವಾಗಿ ಬರುತ್ತದೋ ಆ ಅಗಲವೇ ತಳದಲ್ಲಿ ನಿಮ್ಮ ಮಂಡಿಗಳು ಇರಬೇಕಾದ ಅಗಲ. ಪಾದಗಳನ್ನು ಅದಕ್ಕೆ ತಕ್ಕಂತೆ ಇಡಿ. ಇದು ನಾನು ಯಾರಿಗೂ ಬಿಡಬೇಡಿ ಎಂದು ಹೇಳುವ ಪರೀಕ್ಷೆ. ಏಕೆಂದರೆ ಭಾರ, ಪಾದದ ಕೀಲು, ಸಮತೋಲ ಎಲ್ಲವನ್ನೂ ಬದಿಗಿಟ್ಟು ಸೊಂಟದ ಕೀಲೊಂದನ್ನೇ ಇದು ತೋರಿಸುತ್ತದೆ. ಎಲ್ಲ ಅಗಲದಲ್ಲೂ ತೊಡೆಸಂದಿನ ಮುಂಭಾಗದಲ್ಲಿ ಚುಚ್ಚಿದಂತಾದರೆ ಆಳದ ಆಸೆ ಬಿಟ್ಟು, ಚುಚ್ಚುವ ಜಾಗಕ್ಕಿಂತ ಮೇಲೆಯೇ ನಿಲ್ಲಿಸಬೇಕು.

ಕೊನೆಯದು ಉದ್ದಗಳು. ಸೊಂಟದ ಪಕ್ಕದಲ್ಲಿ, ತೊಡೆಯ ಮೇಲ್ತುದಿಯ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ ಮಂಡಿಯ ಹೊರಬದಿಯ ಸಂದಿಗೆ, ಅಲ್ಲಿಂದ ಹೊರಗಿನ ಹರಡಿನ ಮೂಳೆಗೆ, ಮತ್ತೆ ಸೊಂಟದ ಉಬ್ಬಿನಿಂದ ಹೆಗಲ ಮೇಲೆ ಬಾರ್ ಕೂರುವ ಜಾಗಕ್ಕೆ ಅಳೆಯಿರಿ. ಒಂದೆರಡು ಸೆಂ.ಮೀ. ಆಚೀಚೆ ಆದರೂ ಪರವಾಗಿಲ್ಲ. ತೊಡೆ ಕಣಕಾಲಿಗಿಂತ 4–5 ಸೆಂ.ಮೀ. ಉದ್ದವಿದ್ದು, ಮೇಲ್ಭಾಗಕ್ಕೆ ಹೆಚ್ಚುಕಡಿಮೆ ಸಮವಿದ್ದರೆ ನಿಮ್ಮದು ವಾಲುವ ಮೈಕಟ್ಟು. ಇದನ್ನು ತಿಳಿಯುವುದರಿಂದ ಆಗುವ ದೊಡ್ಡ ಉಪಕಾರವೆಂದರೆ ಸಲ್ಲದ ಗುರಿಯ ಹಿಂದೆ ಓಡುವುದು ನಿಲ್ಲುತ್ತದೆ.

ವಾಲುವಿಕೆ ಕಡಿಮೆ ಮಾಡುವ ಎರಡು ಕೀಲಿಕೈ

ಮೂಳೆಯ ಉದ್ದ ಬದಲಾಗದಿದ್ದರೂ ಲೆಕ್ಕದಲ್ಲಿ ಬದಲಿಸಬಹುದಾದ ಎರಡು ಸಂಖ್ಯೆಗಳಿವೆ.

ಹಿಮ್ಮಡಿಯ ಎತ್ತರ ಮೊದಲನೆಯದು. ಹಿಮ್ಮಡಿ 2 ಸೆಂ.ಮೀ. ಏರಿದರೆ ಕಣಕಾಲು ಸುಮಾರು 6 ಡಿಗ್ರಿ ಹೆಚ್ಚು ಮುಂದೆ ಬಾಗಬಲ್ಲದು. ನಿಮ್ಮ ಲೆಕ್ಕದಲ್ಲಿ ಬೆನ್ನಿನ ವಾಲು 46ರಿಂದ 40ಕ್ಕೆ ಇಳಿಯುತ್ತದೆ. ಗರಡಿಯಲ್ಲಿ ಬಸ್ಕಿ ಹೊಡೆಯುವಾಗ ಹಿಮ್ಮಡಿ ಏಳುತ್ತದೆ, ಮಂಡಿ ಮುಂದೆ ಹೋಗುತ್ತದೆ, ಮೈ ನೆಟ್ಟಗೇ ಇಳಿಯುತ್ತದೆ, ಅದೇ ತತ್ವ. ಆದರೆ ಬಾರ್ ಹೊತ್ತಾಗ ತುದಿಗಾಲಲ್ಲಿ ತೂಗಾಡುವಂತಿಲ್ಲ, ಹಿಮ್ಮಡಿಗೆ ಗಟ್ಟಿ ಆಸರೆ ಬೇಕು. ವೇಟ್‌ಲಿಫ್ಟಿಂಗ್ ಷೂಗಳ ಹಿಮ್ಮಡಿ ಸಾಮಾನ್ಯವಾಗಿ 19–20 ಮಿ.ಮೀ. ಇರುತ್ತದೆ, ಗಟ್ಟಿಯೂ ಇರುತ್ತದೆ. ಅಷ್ಟು ಖರ್ಚು ಬೇಡವಾದರೆ ಬಡಗಿಗೆ ಹೇಳಿ 10 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದ, 2 ಸೆಂ.ಮೀ. ದಪ್ಪದ ಹಲಗೆ ಮಾಡಿಸಿ, ಅಡಿಯಲ್ಲಿ ರಬ್ಬರ್ ಅಂಟಿಸಿ. ಎರಡು ಹಿಮ್ಮಡಿಯೂ ಒಂದೇ ಹಲಗೆಯ ಮೇಲೆ ಪೂರ್ತಿ ಕೂರಬೇಕು. ಸಣ್ಣ ಕಬ್ಬಿಣದ ಪ್ಲೇಟ್‌ಗಳ ಮೇಲೆ ಹಿಮ್ಮಡಿ ಇಡುವುದು ಖಾಲಿ ಬಾರ್‌ನ ಪರೀಕ್ಷೆಗೆ ಸರಿ, ಭಾರಕ್ಕೆ ಬೇಡ, ಜಾರುತ್ತವೆ. ಓಟದ ಷೂ ಅಂತೂ ಬೇಡವೇ ಬೇಡ. ಅದರ ಮೆತ್ತನೆ ತಳ ಭಾರಕ್ಕೆ ಒಂದು ಕಡೆ ಹೆಚ್ಚು ಅಮುಕಿ, ಸೆಟ್ಟಿನ ನಡುವೆಯೇ ಸಮತೋಲ ಬದಲಾಗುತ್ತದೆ. ನಿಮ್ಮ ಹಿಮ್ಮಡಿ ಏಳುವುದಕ್ಕೆ ಅದೂ ಒಂದು ಕಾರಣವಿರಬಹುದು.

ಕಾಲು ಅಗಲಿಸುವುದು ಎರಡನೆಯದು. ತೊಡೆಗಳು 30 ಡಿಗ್ರಿ ಹೊರಕ್ಕೆ ತೆರೆದರೆ, ಪಕ್ಕದಿಂದ ನೋಡಿದಾಗ 48 ಸೆಂ.ಮೀ. ತೊಡೆ 42 ಸೆಂ.ಮೀ.ಗೆ ಗಿಡ್ಡವಾದಂತೆ ಆಗುತ್ತದೆ. ಬೆನ್ನಿನ ವಾಲು ಸುಮಾರು 38 ಡಿಗ್ರಿಗೆ ಬರುತ್ತದೆ. ಎರಡೂ ಕೂಡಿದರೆ 34. ಗೆಳೆಯನ 37ಕ್ಕಿಂತಲೂ ಕಡಿಮೆ! ಆದರೆ ಈ ಅಗಲ ನಿಮ್ಮ ಸೊಂಟದ ಕೀಲು ಒಪ್ಪುವಷ್ಟೇ ಇರಲಿ. ಅಂಬೆಗಾಲಿನ ಪರೀಕ್ಷೆ ಹೇಳಿದ ಗೆರೆ ದಾಟಬೇಡಿ. ಪಾದ ಯಾವ ದಿಕ್ಕಿಗೋ ಮಂಡಿಯೂ ಅದೇ ದಿಕ್ಕಿಗೆ, ಎರಡನೆಯ–ಮೂರನೆಯ ಬೆರಳಿನ ಮೇಲೆ ಹೋಗಬೇಕು. ಪಾದ ಹೊರಗೆ, ಮಂಡಿ ಒಳಗೆ ಆದರೆ ಅಗಲಿಸಿದ್ದರ ಲಾಭವೂ ಇಲ್ಲ, ಮಂಡಿಗೆ ತಿರುಚು ಬೇರೆ.

ಹೈ ಬಾರ್, ಲೋ ಬಾರ್, ಫ್ರಂಟ್

‘ಉದ್ದ ತೊಡೆಯವರಿಗೆ ಲೋ ಬಾರ್’ ಎಂಬ ಸಲಹೆ ಎಲ್ಲೆಲ್ಲೂ ಕೇಳುತ್ತದೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಲೋ ಬಾರ್‌ನಲ್ಲಿ ಬಾರ್ ಹೆಗಲ ಮೂಳೆಯ ಅಡ್ಡ ಏಣಿನ ಕೆಳಗೆ, ಹೈ ಬಾರ್‌ಗಿಂತ ಸುಮಾರು 5 ಸೆಂ.ಮೀ. ಕೆಳಗೆ ಕೂರುತ್ತದೆ. ಬಾರ್ ಸೊಂಟಕ್ಕೆ ಹತ್ತಿರವಾದಷ್ಟೂ ಅದನ್ನು ಪಾದದ ನಡುವಿಗೆ ತರಲು ಬೆನ್ನು ಹೆಚ್ಚೇ ವಾಲಬೇಕು. ಬೇರೇನೂ ಬದಲಿಸದಿದ್ದರೆ ನಿಮ್ಮ 46 ಡಿಗ್ರಿ 53 ಆಗುತ್ತದೆ. ಸೊಂಟದ ಕೀಲು ದಾರದಿಂದ ಹಿಂದಿರುವ 36 ಸೆಂ.ಮೀ. ಹಾಗೇ ಉಳಿಯುತ್ತದೆ, ಅಂದರೆ ಸೊಂಟದ ಮೇಲಿನ ಸನ್ನೆ ಕಡಿಮೆಯಾಗಲಿಲ್ಲ. ಜನ ಲೋ ಬಾರ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು ತೂಕ ಎತ್ತುತ್ತಾರೆ, ನಿಜ. ಮಂಡಿಯ ಪಾಲು ತಗ್ಗಿಸಿ, ಪೃಷ್ಠ ಮತ್ತು ತೊಡೆಯ ಹಿಂಭಾಗದ ದೊಡ್ಡ ಸ್ನಾಯುಗಳಿಗೆ ಕೆಲಸ ಹೆಚ್ಚಿಸುವ ತಂತ್ರ ಅದು. ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೋಗುವವರಿಗೆ, ಮಂಡಿಯ ಮುಂಭಾಗ ನೋಯುವವರಿಗೆ, ವಾಲಿದ ಬೆನ್ನನ್ನು ಗಟ್ಟಿಯಾಗಿ ಹಿಡಿಯುವ ಶಕ್ತಿ ಈಗಾಗಲೇ ಇರುವವರಿಗೆ ಒಳ್ಳೆಯದು. ಬಾಗಿದಾಗಲೇ ಸೊಂಟ ಹಿಡಿದುಕೊಳ್ಳುವ ನಿಮಗೆ ಇನ್ನಷ್ಟು ಬಾಗುವ ತಂತ್ರ ಈಗ ಮದ್ದಲ್ಲ. ಅದಕ್ಕೆ ಭುಜವೂ ಚೆನ್ನಾಗಿ ಹಿಂದಕ್ಕೆ ತಿರುಗಬೇಕು, ಇಲ್ಲದಿದ್ದರೆ ಭಾರ ಮಣಿಕಟ್ಟಿಗೆ ಬಿದ್ದು ಮೊಣಕೈ ನೋಯಲು ಶುರುವಾಗುತ್ತದೆ.

ಫ್ರಂಟ್ ಸ್ಕ್ವಾಟ್‌ನಲ್ಲಿ ಬಾರ್ ಭುಜದ ಮುಂದಿನ ಉಬ್ಬಿನ ಮೇಲಿರುತ್ತದೆ. ತೀರಾ ವಾಲಿದರೆ ಬಾರ್ ಉರುಳಿ ಬೀಳುವುದರಿಂದ ಅದೇ ನಿಮ್ಮನ್ನು ತಿದ್ದುತ್ತದೆ. ಎತ್ತುವ ತೂಕ ಕಡಿಮೆ, ಬೆನ್ನಿನ ಮೇಲಿನ ಎಳೆತವೂ ಕಡಿಮೆ. ಮಣಿಕಟ್ಟು ಬಾಗದವರು ಬಾರ್‌ಗೆ ಎರಡು ಲಿಫ್ಟಿಂಗ್ ಸ್ಟ್ರ್ಯಾಪ್ ಸುತ್ತಿ, ಅವುಗಳ ತುದಿಯನ್ನು ಹಿಡಿಯಬಹುದು. ಎರಡೂ ಸಂದರ್ಭದಲ್ಲಿ ಮೊಣಕೈ ಎತ್ತಿ ಹಿಡಿಯಬೇಕು. ಆದರೆ ಪಾದದ ಕೀಲು ಬಿಗಿಯಿದ್ದವರನ್ನು ಫ್ರಂಟ್ ಸ್ಕ್ವಾಟ್ ಕ್ಷಮಿಸುವುದಿಲ್ಲ. ಹಿಮ್ಮಡಿಯ ಹಲಗೆ ಇಲ್ಲಿಯೂ ಬೇಕು.

ನಿಮಗೆ ನನ್ನ ಸಲಹೆ: ಮುಖ್ಯ ವ್ಯಾಯಾಮವಾಗಿ ಹೈ ಬಾರ್, ಹಿಮ್ಮಡಿಗೆ 2 ಸೆಂ.ಮೀ. ಆಸರೆ, ಹಿಮ್ಮಡಿಗಳ ನಡುವೆ ಭುಜಕ್ಕಿಂತ 5–8 ಸೆಂ.ಮೀ. ಹೆಚ್ಚು ಅಂತರ, ಸೊಂಟದ ಪರೀಕ್ಷೆ ಒಪ್ಪಿದರೆ ಬೆರಳು 25–30 ಡಿಗ್ರಿ ಹೊರಗೆ. ವಾರದ ಇನ್ನೊಂದು ದಿನ ಹಗುರ ಫ್ರಂಟ್ ಸ್ಕ್ವಾಟ್. ಗೋಡೆಯ ಅಳತೆ 10 ಸೆಂ.ಮೀ. ದಾಟಿದರೆ ಹಲಗೆಯಿಲ್ಲದೆ, ಚಪ್ಪಟೆ ಗಟ್ಟಿ ತಳದ ಕ್ಯಾನ್ವಾಸ್ ಷೂನಲ್ಲಿ ಮೊದಲು ಪ್ರಯತ್ನಿಸಿ. ಜಿಮ್‌ನಲ್ಲಿ ರ್ಯಾಕ್ (ಬಾರ್ ಇಡುವ ಚೌಕಟ್ಟು) ಇಲ್ಲದೆ ಸ್ಮಿತ್ ಮಷೀನ್ ಮಾತ್ರವಿದ್ದರೆ, ಅದರ ಬಾರ್ ಕಂಬಿಯ ಮೇಲೆಯೇ ಓಡುವುದರಿಂದ ಈ ಸಮತೋಲದ ಲೆಕ್ಕ ಅಲ್ಲಿ ನಡೆಯದು, ಅಲ್ಲಿ ಕಲಿತದ್ದು ಬಾರ್‌ಬೆಲ್‌ಗೆ ಬರುವುದೂ ಇಲ್ಲ. ಅದರ ಬದಲು ಎದೆಗೆ ಡಂಬೆಲ್ ಅವುಚಿಕೊಂಡು ಮಾಡುವ ಗಾಬ್ಲೆಟ್ ಸ್ಕ್ವಾಟ್ ಎಷ್ಟೋ ಮೇಲು.

ಬಾರ್ ಅಡಿಗೆ ಹೋದಾಗ

ರ್ಯಾಕ್‌ನ ಕೊಕ್ಕೆ ಎದೆಯ ನಡುಮಟ್ಟದಲ್ಲಿರಲಿ; ಮಂಡಿ ಸ್ವಲ್ಪ ಬಗ್ಗಿಸಿಯೇ ಬಾರ್ ಅಡಿಗೆ ಹೋಗುವಂತಿರಬೇಕು. ತುದಿಗಾಲಲ್ಲಿ ನಿಂತು ಬಾರ್ ತೆಗೆಯಬೇಕಾದರೆ, ಸುಸ್ತಾದ ಮೇಲೆ ಅದನ್ನು ವಾಪಸ್ ಇಡುವಾಗ ಅಪಾಯ. ಅಡ್ಡ ಸುರಕ್ಷಾ ಕಂಬಿಗಳನ್ನು ನಿಮ್ಮ ತಳದ ಮಟ್ಟಕ್ಕಿಂತ 2–3 ಸೆಂ.ಮೀ. ಕೆಳಗೆ ಹಾಕಿ, ಖಾಲಿ ಬಾರ್‌ನಲ್ಲಿ ಕೂತು ಒಮ್ಮೆ ನೋಡಿಕೊಳ್ಳಿ. ಬಾರ್‌ನ ತೂಕವನ್ನೂ ಕೇಳಿ ತಿಳಿಯಿರಿ. 2.2 ಮೀಟರ್ ಉದ್ದದ ಪೂರ್ಣ ಅಳತೆಯ ಬಾರ್ 20 ಕೆ.ಜಿ., ಮಹಿಳೆಯರ ವೇಟ್‌ಲಿಫ್ಟಿಂಗ್ ಬಾರ್ 15 ಕೆ.ಜಿ.; ಗಿಡ್ಡ ಬಾರ್‌ಗಳು ಇನ್ನೂ ಹಗುರ.

ಕತ್ತಿನ ಬುಡದಲ್ಲಿ ಕೈಗೆ ಸಿಗುವ ಮೂಳೆಯ ಗಂಟಿನ ಮೇಲೆ ಬಾರ್ ಇಡಬಾರದು. ಅದರ ಕೆಳಗೆ, ಹೆಗಲನ್ನು ಹಿಂದಕ್ಕೆ ಸೇರಿಸಿದಾಗ ಮೇಲೇಳುವ ಸ್ನಾಯುವಿನ ದಿಂಬಿನ ಮೇಲೆ ಇಡಿ. ಫೋಮ್ ಪ್ಯಾಡ್ ಸುತ್ತುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಬಾರ್ ಮೈಯಿಂದ ಮೇಲೇರಿ ಉರುಳಲು ಅದೇ ದಾರಿ ಮಾಡಿಕೊಡುತ್ತದೆ. ಬಾರ್ ಎತ್ತಿ ಎರಡು ಹೆಜ್ಜೆ ಹಿಂದೆ, ಮೂರನೆಯದು ಪಾದ ಸರಿಪಡಿಸಲು. ಅಷ್ಟು ಸಾಕು.

ಹೊಟ್ಟೆಗೆ, ಪಕ್ಕೆಗೆ ಉಸಿರು ತುಂಬಿ, ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆ ಎಂಬಂತೆ ಬಿಗಿ ಮಾಡಿ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರೂ ನೆಲ ಕಚ್ಚಿರಲಿ. ಸೊಂಟ ಮೊದಲೋ ಮಂಡಿ ಮೊದಲೋ ಎಂದು ಯೋಚಿಸಬೇಡಿ. ಎರಡೂ ಒಟ್ಟಿಗೆ ಮಡಚಲಿ, ಸೊಂಟ ಎರಡು ಹಿಮ್ಮಡಿಗಳ ನಡುವೆ ಇಳಿಯಲಿ. ಎರಡು ಸೆಕೆಂಡಿನಲ್ಲಿ ಇಳಿದು, ಬೆನ್ನನ್ನು ಬಾರ್‌ಗೆ ಒತ್ತುತ್ತ ಏಳಿ. ಪವರ್‌ಲಿಫ್ಟಿಂಗ್ ನಿಯಮದಲ್ಲಿ ತೊಡೆಸಂದಿನ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗಿಳಿಯಬೇಕು. ನೀವು ಸ್ಪರ್ಧಿಯಲ್ಲ. ಕೆಳಬೆನ್ನು ಗೂನಾಗಲು ಶುರುವಾಗುವ ಮಟ್ಟಕ್ಕಿಂತ ಎರಡು ಬೆರಳು ಮೇಲೆ ನಿಲ್ಲಿಸಿದರೆ ಸಾಕು. ಸೊಂಟ ತುಸುವೇ ಒಳಮಡಚುವುದು ಎಲ್ಲರಲ್ಲೂ ಇದ್ದದ್ದೇ. ಭಾರದ ಅಡಿಯಲ್ಲಿ ಥಟ್ಟನೆ ಮಡಚಿ ಥಟ್ಟನೆ ಬಿಡಿಸಿಕೊಳ್ಳುವುದು ಕೆಟ್ಟದ್ದು.

ತಳದಿಂದ ಏಳುವಾಗ ಸೊಂಟ ಮೊದಲೆದ್ದು, ಬಾರ್ ಅಲ್ಲೇ ಉಳಿದು, ಬೆನ್ನಿನಿಂದ ಎತ್ತಿದಂತಾಗುತ್ತದೆಯೇ ನೋಡಿ. 60 ಕೆ.ಜಿ.ಯಲ್ಲಿ ನಿಮಗೆ ಆಗುತ್ತಿರುವುದು ಬಹುಶಃ ಇದೇ. ಮರುದಿನದ ಸೊಂಟ ಹಿಡಿತಕ್ಕೆ ಇದು ಅತಿ ಸಾಮಾನ್ಯ ಕಾರಣ. ತೊಡೆಯ ಮುಂಭಾಗದ ಸ್ನಾಯುಗಳಿಗೆ ಆ ತೂಕ ಮೀರಿದಾಗ, ಮೈ ಮಂಡಿಯನ್ನು ಹಿಂದಕ್ಕೆ ತಳ್ಳಿ ಭಾರವನ್ನು ಸೊಂಟಕ್ಕೆ ದಾಟಿಸುತ್ತದೆ. ಮದ್ದು ಎರಡು: ತೂಕ ಇಳಿಸುವುದು, ತಳದಲ್ಲಿ ಎರಡು ಸೆಕೆಂಡು ನಿಂತು ಏಳುವುದು. ಬಾರ್ ಬೆರಳಿನ ಕಡೆ ಜಾರಿ ಮುಂದಕ್ಕೆ ಎಳೆದರೆ ಸಾಮಾನ್ಯವಾಗಿ ಇಳಿಯುವ ವೇಗ ಹೆಚ್ಚಾಗಿರುತ್ತದೆ, ಇಲ್ಲವೇ ನೋಟ ಚಾವಣಿಯ ಕಡೆಗಿರುತ್ತದೆ. ನೋಟ ನಿಮ್ಮೆದುರು ಮೂರು ಮೀಟರ್ ದೂರದ ನೆಲದ ಮೇಲಿರಲಿ. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡುವುದು ಬೇಡ. ಮೊಬೈಲನ್ನು ಸೊಂಟದ ಎತ್ತರದಲ್ಲಿ, ಮೂರು ಮೀಟರ್ ದೂರದಲ್ಲಿ, ಸರಿಯಾಗಿ ಪಕ್ಕದಲ್ಲಿಟ್ಟು ವಿಡಿಯೊ ತೆಗೆಯಿರಿ. ಓರೆಯಾಗಿ ತೆಗೆದರೆ ವಾಲು ತಪ್ಪಾಗಿ ಕಾಣುತ್ತದೆ. ಬಾರ್‌ನ ತುದಿ ಪಾದದ ನಡುವಿನ ಮೇಲೆಯೇ ಏರಿಳಿಯುತ್ತಿದೆಯೇ ಎಂಬುದನ್ನಷ್ಟೇ ಮೊದಲು ನೋಡಿ. 2–3 ಸೆಂ.ಮೀ. ಓಲಾಟ ಇದ್ದೇ ಇರುತ್ತದೆ.

ಕ್ರಮ ಹೀಗಿರಲಿ. ಮೊದಲ ವಾರ 20ರಿಂದ 30 ಕೆ.ಜಿ.ಯಲ್ಲಿ ಮೂರು ದಿನ: ಹಲಗೆ ಇಟ್ಟು, ಇಡದೆ, ಭುಜದಗಲ, ಅದಕ್ಕಿಂತ ಅಗಲ. ನಾಲ್ಕು ಜೋಡಣೆಗೆ ಐದೈದು ರೆಪ್ (ಒಮ್ಮೆ ಕೂತು ಎದ್ದರೆ ಒಂದು ರೆಪ್), ಎಲ್ಲಕ್ಕೂ ವಿಡಿಯೊ. ಬಾರ್ ಅತಿ ಕಡಿಮೆ ಓಲಾಡುವ, ಕೆಳಬೆನ್ನು ಅತಿ ತಡವಾಗಿ ಗೂನಾಗುವ ಜೋಡಣೆಯನ್ನು ಆರಿಸಿ, ಪಾದದ ಜಾಗವನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ. ಎರಡನೆಯ ವಾರದಿಂದ 40 ಕೆ.ಜಿ., ಐದು ರೆಪ್‌ನ ಮೂರು ಸೆಟ್, ತಳದಲ್ಲಿ ಎರಡು ಸೆಕೆಂಡು ನಿಲುಗಡೆ, ವಾರಕ್ಕೆ ಎರಡು ದಿನ. ಪ್ರತಿ ವಾರ 2.5 ಕೆ.ಜಿ. ಏರಿಸಿ. ಹೀಗೆ ಹೋದರೆ ಹತ್ತನೆಯ ವಾರ ಮತ್ತೆ 60ಕ್ಕೆ ಬರುತ್ತೀರಿ. ಅಷ್ಟರವರೆಗೆ ತಂತ್ರ ಬದಲಿಸಬೇಡಿ. ವಾರಕ್ಕೊಂದು ಶೈಲಿ ಹಿಡಿದವರಿಗೆ ಯಾವುದೂ ದಕ್ಕುವುದಿಲ್ಲ. ಫ್ರಂಟ್ ಸ್ಕ್ವಾಟ್ ದಿನ ಖಾಲಿ ಬಾರ್‌ನಿಂದ ಆರಂಭಿಸಿ 30–35 ಕೆ.ಜಿ.ಯೊಳಗೇ ಇರಿ. ಮೀನಖಂಡ ಬಿಗಿಯಿದ್ದರೆ ದಿನವೂ ಗೋಡೆಯ ಪರೀಕ್ಷೆಯ ಭಂಗಿಯಲ್ಲೇ ಪ್ರತಿ ಕಾಲಿಗೆ 15 ಸಲ ಮಂಡಿ ಮುಂದೊತ್ತಿ, ಎರಡು ಸುತ್ತು. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಅಳತೆ 10 ದಾಟಿದ ಮೇಲೆ ತೆಳು ಹಲಗೆಗೆ ಇಳಿಯಬಹುದು, ಇಳಿಯಲೇಬೇಕೆಂದಿಲ್ಲ.

ಸೊಂಟದ ಸ್ನಾಯು ಒಂದೆರಡು ದಿನ ಬಿಗಿಯಾಗಿದ್ದು ಓಡಾಡಿದರೆ ಸಡಿಲವಾಗುವುದು ದಣಿವಿನ ಲಕ್ಷಣ. ನೋವು ಪೃಷ್ಠದಿಂದ ಕಾಲಿಗೆ ಇಳಿದರೆ, ಕಾಲು ಜೋಮು ಹಿಡಿದರೆ, ಕೆಮ್ಮಿದಾಗ ಸೀನಿದಾಗ ಸೊಂಟದಲ್ಲಿ ಸೆಳೆದರೆ ಬಾರ್ ಮುಟ್ಟದೆ ಮೂಳೆ ವೈದ್ಯರನ್ನು ಕಾಣಿ. ಮೂತ್ರ, ಮಲ ವಿಸರ್ಜನೆಯ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿನ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತೂಕ ಇಳಿಸಿ ಮೇಲಿನಂತೆ ಮೂರು ವಾರ ಮಾಡಿದ ಮೇಲೂ ಪ್ರತಿ ಸಲ ಸೊಂಟ ಹಿಡಿಯುತ್ತಿದ್ದರೆ, ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಪಕ್ಕದಿಂದ ತೆಗೆದ ಆ ವಿಡಿಯೊಗಳನ್ನು ಜೊತೆಗೆ ಒಯ್ಯಿರಿ.